ವಚನ ಪಿತಾಮಹ ಡಾ॥ ಫ. ಗು. ಹಳಕಟ್ಟಿಯವರು ಮತ್ತು ಲೋಕಹಿತದ ಉದ್ಯಮ

ಶರಣ ಸಾಹಿತ್ಯದ ಪರಿಚಯವುಳ್ಳ ಯಾರಿಗೂ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಠಮನೆಗಳ ಜಗುಲಿಯ ಮೇಲೆ ಧೂಳು ಹಿಡಿದಿದ್ದ ತಾಡವೋಲೆಗಳಿಂದ ವಚನಗಳನ್ನು ಎತ್ತಿ ನಾಡಿನ ಕೈಗಿತ್ತ ಪುಣ್ಯಪುರುಷರವರು. ಆದರೆ ಆ ಸಂಶೋಧಕರೊಳಗೆ ಸಂಸ್ಥೆಗಳನ್ನು ಕಟ್ಟಬಲ್ಲ ವ್ಯವಹಾರಜ್ಞರೊಬ್ಬರಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದಾನಿಗಳ ಔದಾರ್ಯದಿಂದ ನಡೆಯುವ ವಿದ್ಯಾಸಂಸ್ಥೆಗೆ ಅವರ ಬಾಳಿನ ಈ ಮುಖವೇ ಹೆಚ್ಚು ಬೋಧಪ್ರದವಾದುದು.

ಹಳಕಟ್ಟಿಯವರು ಜನಿಸಿದ್ದು ೧೮೮೦ರ ಜುಲೈ ೨ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು, ತಾಯಿ ದಾನಮ್ಮನವರು. ಧಾರವಾಡದಲ್ಲಿ ಪ್ರಾರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಮುಂಬಯಿಗೆ ತೆರಳಿ, ಅಲ್ಲಿ ಪದವಿಯನ್ನೂ ೧೯೦೪ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಕೆಲಕಾಲ ಬೆಳಗಾವಿಯಲ್ಲಿದ್ದು, ಅನಂತರ ಬಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಹಿಡಿದರು. ಆ ಊರೇ ಅವರ ಕರ್ಮಭೂಮಿಯಾಯಿತು.

ಮೈಸೂರಿನವರಾದ ನಾವು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ವಿದ್ಯೆಗೆ ಅರಸರ ಆಶ್ರಯವಿದ್ದಿತು. ೧೮೯೧ರಲ್ಲಿಯೇ ಓಲೆಗರಿಗಳ ರಕ್ಷಣೆಗೆ ಪ್ರಾಚ್ಯ ಪುಸ್ತಕ ಭಂಡಾರ ಏರ್ಪಟ್ಟಿತು. ೧೯೧೬ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರಕ್ಕೆ ಆ ಭಾಗ್ಯವಿರಲಿಲ್ಲ. ೧೮೭೬-೭೮ರ ಭೀಕರ ಕ್ಷಾಮದಲ್ಲಿ ಬೆಂದುಹೋದ ಜಿಲ್ಲೆಯದು. ಮಳೆ ಕೈಕೊಟ್ಟ ವರ್ಷ ರೈತನು ಸಾಹುಕಾರನ ಬಾಗಿಲಿಗೆ ಹೋಗದೆ ಗತಿಯಿರಲಿಲ್ಲ. ಒಮ್ಮೆ ಬರೆಸಿದ ಸಾಲಪತ್ರ ಮಕ್ಕಳ ಕಾಲಕ್ಕೂ ತೀರದು. ಇಂಥ ವ್ಯಾಜ್ಯಗಳ ಪರಿಚಯ ವಕೀಲರಾದವರಿಗೆ ಇಲ್ಲದಿರುವುದು ಸಾಧ್ಯವಿಲ್ಲ.

ಉಪದೇಶದಿಂದ ಸಾಲ ಹರಿಯುವುದಿಲ್ಲವೆಂಬುದನ್ನು ಹಳಕಟ್ಟಿಯವರು ಬಲ್ಲವರಾಗಿದ್ದರು. ೧೯೧೦ರಲ್ಲಿ ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಯ ಸ್ಥಾಪನೆಗೆ ಅವರು ಮುಂದಾದರು. ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ೧೯೦೪ರ ಸಹಕಾರ ಕಾಯಿದೆ ಸಾಲದ ಸಂಘಗಳಿಗೆ ಮಾತ್ರ ಎಡೆಗೊಟ್ಟಿತ್ತು. ೧೯೧೨ರ ಕಾಯಿದೆ ಮಾರಾಟ, ಉತ್ಪಾದನೆ ಮೊದಲಾದ ಉದ್ದೇಶಗಳ ಸಂಘಗಳಿಗೂ ಮಾನ್ಯತೆಯನ್ನಿತ್ತಿತು. ಒಕ್ಕಲಿಗರಿಗಾಗಿ, ನೇಕಾರರಿಗಾಗಿ ಸಹಕಾರಿ ಸಂಘಗಳನ್ನು ಕಟ್ಟುವ ಕಾರ್ಯದಲ್ಲಿಯೂ ಅವರು ದುಡಿದರು.

ಈ ಬಗೆಯ ಸಂಸ್ಥೆಯ ಲಕ್ಷಣವನ್ನು ಸ್ವಲ್ಪ ವಿಚಾರಿಸಬೇಕು. ಅದು ಧರ್ಮಛತ್ರವಲ್ಲ, ಕೊಟ್ಟ ಹಣವನ್ನು ಬಡ್ಡಿಸಹಿತ ಹಿಂದಕ್ಕೆ ಪಡೆಯುತ್ತದೆ. ಸಾಹುಕಾರನ ಅಂಗಡಿಯೂ ಅಲ್ಲ, ಬಂದ ಲಾಭ ಒಬ್ಬನ ಪೆಟ್ಟಿಗೆಗೆ ಸೇರದು. ೧೯೧೨ರ ಕಾಯಿದೆಯ ಪ್ರಕಾರ ನಿವ್ವಳ ಲಾಭದ ಕಾಲುಭಾಗ ಮೊದಲು ಆಪದ್ಧನಕ್ಕೆ ಹೋಗಬೇಕು. ಉಳಿದುದರಲ್ಲಿ ನೂರಕ್ಕೆ ಹತ್ತರವರೆಗೆ ರಿಜಿಸ್ಟ್ರಾರರ ಅನುಮತಿ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು. ಇಂದು ಸಾಮಾಜಿಕ ಉದ್ಯಮವೆಂದು ಕರೆಯುವುದರ ತಿರುಳು ಇದೇ. ಶರಣರ ಪರಿಭಾಷೆಯಲ್ಲಿ ದುಡಿಮೆ ಕಾಯಕ. ದುಡಿದುದು ಸಮಾಜಕ್ಕೆ ಸಲ್ಲುವುದು ದಾಸೋಹ. ಕಾಯಕವಿಲ್ಲದ ದಾಸೋಹ ಹೆಚ್ಚುಕಾಲ ನಿಲ್ಲದು. ದಾಸೋಹವಿಲ್ಲದ ಕಾಯಕ ಬರಿಯ ಗಳಿಕೆಯಾದೀತು.

ಆದರೆ ತಮ್ಮ ಖರ್ಚನ್ನು ತಾವೇ ಹೊರಲಾರದ ಕಾರ್ಯಗಳೂ ಉಂಟು. ವಚನಗಳ ಪ್ರಕಟಣೆ ಅಂಥದು. ಊರೂರು ತಿರುಗಿ ಹಳಕಟ್ಟಿಯವರು ಓಲೆಗರಿಗಳನ್ನು ಸಂಗ್ರಹಿಸಿದರು. ಪ್ರತಿಗಳನ್ನು ಹೋಲಿಸಿ, ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿ ವಚನಶಾಸ್ತ್ರಸಾರವನ್ನು ಸಿದ್ಧಪಡಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. ೧೯೨೩ರಲ್ಲಿ ಬೆಳಗಾವಿಯಲ್ಲಿ ಅದರ ಮೊದಲ ಭಾಗ ಮುದ್ರಿತವಾಯಿತು. ಪರರ ಮುದ್ರಣಾಲಯವನ್ನು ನೆಚ್ಚಿ ಈ ಕಾರ್ಯ ಸಾಗದೆಂದು ಕಂಡುಕೊಂಡು, ೧೯೨೫ರಲ್ಲಿ ವಾಸದ ಮನೆಯನ್ನು ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನೂ ೧೯೨೭ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದುದು ೧೯೨೬ರಲ್ಲಿಯೇ. ಶಿವಾನುಭವವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಇನ್ನೂರಕ್ಕೂ ಹೆಚ್ಚು ಶಿವಶರಣರ ವಚನಗಳು ಅವರಿಂದ ಬೆಳಕು ಕಂಡವು; ಹರಿಹರನ ರಗಳೆಗಳೂ ಅಚ್ಚಾದವು.

ಇದನ್ನು ಲೆಕ್ಕವರಿಯದ ಪಂಡಿತರ ಸಾಹಸವೆಂದು ತಿಳಿಯುವುದು ತಪ್ಪು. ಬ್ಯಾಂಕನ್ನು ಕಟ್ಟಿದವರಿಗೆ ಜಮಾ ಖರ್ಚು ತಿಳಿಯದೆ? ಚಂದಾದಾರರ ಹಣದಿಂದ ಈ ಕಾರ್ಯ ಪೂರೈಸದೆಂದು ಅರಿತೇ ಅವರು ಅದಕ್ಕೆ ಕೈಹಾಕಿದರು. ರೈತನಿಗೆ ಸಾಲವನ್ನು ನಿಯಮದಂತೆ ಕೊಟ್ಟು ನಿಯಮದಂತೆಯೇ ವಸೂಲು ಮಾಡಬೇಕು. ಅಲ್ಲಿ ಮೃದುವಾದರೆ ಮುಂದಿನ ರೈತನಿಗೆ ಕೊಡಲು ಹಣವುಳಿಯದು. ವಚನಗಳಿಗಾದರೋ ಬೆಲೆಯನ್ನು ಕಟ್ಟಲಾಗದು. ಅಲ್ಲಿ ಲಾಭಕ್ಕೆ ಕಾದರೆ ಓಲೆಗರಿಗಳನ್ನು ಗೆದ್ದಲು ತಿಂದುಬಿಡುತ್ತದೆ. ಯಾವ ಕಾರ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಯಾವುದನ್ನು ಹೆಗಲ ಮೇಲೆ ಹೊರಬೇಕು ಎಂಬ ಈ ವಿವೇಕವೇ ಹಳಕಟ್ಟಿಯವರ ಹಿರಿಮೆ. ಮೊದಲನೆಯದಕ್ಕೆ ಅವರು ನಿಯಮವನ್ನು ಕೊಟ್ಟರು. ಎರಡನೆಯದಕ್ಕೆ ತಮ್ಮ ಮನೆಯನ್ನೇ ಕೊಟ್ಟರು.

೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ೧೯೬೪ರ ಜೂನ್ ೨೯ರಂದು ಅವರು ಲಿಂಗೈಕ್ಯರಾದರು. ಅವರು ನೆಟ್ಟ ಸಸಿಗಳ ಮುಂದಿನ ಗತಿ ಒಂದೇ ತೆರನಾಗಿರಲಿಲ್ಲ. ಸಿದ್ಧೇಶ್ವರ ಬ್ಯಾಂಕು ೨೦೧೨ರಲ್ಲಿ ನೂರು ವರ್ಷಗಳನ್ನು ಪೂರೈಸಿತು. ವಿದ್ಯಾಸಂಸ್ಥೆಯು ಬಂಥನಾಳದ ಶ್ರೀ ಸಂಗನಬಸವ ಶಿವಯೋಗಿಗಳ ಪೋಷಣೆಯಿಂದ ಚಿಗುರಿ, ೧೯೮೬ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ೨೦೦೮ರಲ್ಲಿ ಅದರ ಆಶ್ರಯದಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೊಂದು ರೂಪುಗೊಂಡಿತು. ಶಿವಾನುಭವ ಮಾತ್ರ ಅದನ್ನು ಹೊತ್ತ ಹೆಗಲಿನೊಡನೆಯೇ ನಿಂತಿತು. ಆದರೂ ಆ ಕಾರ್ಯ ವ್ಯರ್ಥವಾಗಲಿಲ್ಲ. ಒಬ್ಬ ವಕೀಲರು ಮನೆ ಮಾರಿ ತೊಡಗಿದ ಕೆಲಸವನ್ನು ವಿಶ್ವವಿದ್ಯಾಲಯಗಳ ವಿದ್ವಾಂಸರು ಮುಂದುವರಿಸಿದರು. ನಮ್ಮ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ॥ ಎಲ್. ಬಸವರಾಜು ಅವರು ಅಂಥವರಲ್ಲೊಬ್ಬರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವೇ ಸಮಗ್ರ ವಚನ ಸಾಹಿತ್ಯವನ್ನು ೧೫ ಸಂಪುಟಗಳಲ್ಲಿ ಹೊರತಂದಿತು. ಬಿ.ಎಲ್.ಡಿ.ಇ. ಸಂಸ್ಥೆಯು ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರದ ಮೂಲಕ ಅವರ ಸಮಗ್ರ ಕೃತಿಗಳನ್ನು ಪ್ರಕಟಿಸಿತು. ಗಳಿಸಬಲ್ಲ ಸಂಸ್ಥೆ ಗಳಿಸಲಾರದ ಕಾರ್ಯದ ಋಣವನ್ನು ತೀರಿಸುವ ಬಗೆಯಿದು.

ಕಾಲ ಬದಲಾದಂತೆ ಸಂಸ್ಥೆಗಳ ರೂಪವೂ ಬದಲಾಗುತ್ತದೆ. ಮುಷ್ಟಿಧಾನ್ಯದಿಂದ ನಡೆದ ಉಚಿತ ಪ್ರಸಾದನಿಲಯಗಳ ಮಗ್ಗುಲಲ್ಲಿ ಶುಲ್ಕ ಪಡೆಯುವ ಕಾಲೇಜುಗಳು ಎದ್ದಿವೆ. ಇದರಲ್ಲಿ ದೋಷವಿಲ್ಲ, ವೇತನ ಕೊಡಲಾರದ ಶಾಲೆಯಲ್ಲಿ ಒಳ್ಳೆಯ ಉಪಾಧ್ಯಾಯರು ನಿಲ್ಲುವುದಾದರೂ ಹೇಗೆ? ಆದರೆ ವರ್ಷಾಂತ್ಯದ ಲೆಕ್ಕಪತ್ರವನ್ನು ಮುಂದಿಟ್ಟುಕೊಂಡಾಗ ಉಳಿತಾಯವೆಷ್ಟೆಂದು ಕೇಳುವುದರ ಜೊತೆಗೆ, ಆ ಉಳಿತಾಯದಿಂದ ಯಾವ ಗಳಿಸಲಾರದ ಕಾರ್ಯ ಬದುಕಿತೆಂದೂ ಕೇಳಿಕೊಳ್ಳಬೇಕು. ಶುಲ್ಕ ಕೊಡಲಾರದ ಹುಡುಗನ ಊಟ, ಓದುವವರು ಕಡಿಮೆಯಾದ ಹಳಗನ್ನಡದ ತರಗತಿ, ಅಚ್ಚಾಗದೆ ಉಳಿದ ಒಂದು ಓಲೆಯ ಕಟ್ಟು ಇವೆಲ್ಲ ಅಂಥ ಕಾರ್ಯಗಳೇ. ಹಳಕಟ್ಟಿಯವರಂತೆ ಮನೆ ಮಾರುವ ಸಂದರ್ಭ ನಮಗೆ ಒದಗಿಲ್ಲ. ಆದರೆ ಈ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಕೇಳಿಕೊಳ್ಳುವ ಭಾರವನ್ನು ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹೊರಬಹುದು. ಆ ಮಹನೀಯರ ಸ್ಮರಣೆಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವದು.