ಒಡವೆ ಬಿಚ್ಚಿಕೊಟ್ಟ ಕೊಡಗಿನ ಗೌರಮ್ಮ

ಕಳಸ: ಕಾಫಿ ತೋಟದ ಬದುಕನ್ನು ಬಲ್ಲ ಕಳಸ, ಮೂಡಿಗೆರೆ ಭಾಗದ ಓದುಗರಿಗೆ ಕಥೆಗಾರ್ತಿ ಕೊಡಗಿನ ಗೌರಮ್ಮನವರು ಬಾಳಿದ ಪರಿಸರ ಅಪರಿಚಿತವೇನಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಬಿ.ಟಿ. ಗೋಪಾಲಕೃಷ್ಣ ಅವರೊಂದಿಗೆ ವಿವಾಹವಾಯಿತು. ಪತಿ ಸುಂಟಿಕೊಪ್ಪ ಬಳಿಯ ಗುಂಡುಗುಟ್ಟಿಯಲ್ಲಿ ಜಿ.ಎಂ. ಮಂಜುನಾಥಯ್ಯನವರ ಕಾಫಿ ತೋಟದ ಮ್ಯಾನೇಜರ್ ಆಗಿದ್ದರು. ತೋಟದ ಏಕಾಂತದಲ್ಲಿ ಓದು, ಬರಹ, ಟೆನಿಸ್, ಈಜು ಎಲ್ಲವನ್ನೂ ರೂಢಿಸಿಕೊಂಡ ಗೌರಮ್ಮ, ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆದರು.

ಅಸ್ಪೃಶ್ಯತಾ ನಿವಾರಣೆಗಾಗಿ ಹರಿಜನ ನಿಧಿ ಸಂಗ್ರಹಿಸುತ್ತ ದೇಶ ಸುತ್ತುತ್ತಿದ್ದ ಗಾಂಧೀಜಿ, 1934ರ ಫೆಬ್ರುವರಿಯಲ್ಲಿ ಕೊಡಗಿಗೆ ಬಂದು ಮಂಜುನಾಥಯ್ಯನವರ ಮನೆಯಲ್ಲಿ ತಂಗಿದರು. ಗೌರಮ್ಮನವರಿಗೆ ಅವರನ್ನು ತಮ್ಮ ಮನೆಗೂ ಕರೆಸಿಕೊಳ್ಳಬೇಕೆಂಬ ಹಂಬಲ. ಬಿಡುವಿಲ್ಲದ ಕಾರ್ಯಕ್ರಮದಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ತಿಳಿದಾಗ, ಅವರು ಬರುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಕುಳಿತೇಬಿಟ್ಟರು. ಉಪವಾಸದ ಅಸ್ತ್ರ ಅದನ್ನು ಪ್ರಯೋಗಿಸುತ್ತಿದ್ದವರಿಗೇ ತಿರುಗಿತ್ತು! ಗಾಂಧೀಜಿ ಬಂದರು, ಕಿತ್ತಳೆ ಹಣ್ಣು ಕೊಟ್ಟು ಉಪವಾಸ ಮುರಿಸಿದರು. ಮಾಂಗಲ್ಯ, ಮೂಗುತಿ, ಓಲೆಗಳನ್ನು ಉಳಿಸಿಕೊಂಡು ಗೌರಮ್ಮ ಮಿಕ್ಕೆಲ್ಲ ಒಡವೆಗಳನ್ನೂ ನಿಧಿಗೆ ಅರ್ಪಿಸಿದರು. ಪತಿಯ ಸಮ್ಮತಿ ಇದೆಯೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಗಾಂಧೀಜಿ ಅವನ್ನು ಸ್ವೀಕರಿಸಿದರೆಂದು ಹೇಳಲಾಗುತ್ತದೆ. ಆಗ ಗೌರಮ್ಮನವರಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ.

ಈ ಪ್ರಸಂಗವನ್ನು ಕೇವಲ ಭಕ್ತಿಯ ಕಥೆಯಾಗಿ ಹೇಳುವುದು ರೂಢಿ. ಆದರೆ ಅಂದಿನ ಹೆಣ್ಣಿಗೆ ಒಡವೆಯನ್ನು ಬಿಟ್ಟರೆ ತನ್ನದೆನ್ನುವ ಆಸ್ತಿ ಬೇರೆ ಏನಿತ್ತು? ದೂರದ ಕೊರಿಯಾದಲ್ಲಿಯೂ ಇಂಥದೇ ಘಟನೆ ನಡೆದಿತ್ತು. ಜಪಾನಿನಿಂದ ಪಡೆದ 1.3 ಕೋಟಿ ವೊನ್ ಸಾಲವನ್ನು ಜನರೇ ತೀರಿಸಲು 1907ರಲ್ಲಿ ದೇಗು ನಗರದಲ್ಲಿ ಆಂದೋಲನ ಆರಂಭವಾಯಿತು. ಗಂಡಸರು ಮೂರು ತಿಂಗಳು ತಂಬಾಕು ಬಿಟ್ಟು ಆ ಹಣ ಕೊಡಬೇಕೆಂಬುದು ಕರೆ. ಅದರಲ್ಲಿ ತಮಗೆ ಪಾಲಿಲ್ಲದ್ದನ್ನು ಕಂಡ ಹೆಂಗಸರು ತಾವೇ ಸಂಘ ಕಟ್ಟಿ ಉಂಗುರ, ಆಭರಣಗಳನ್ನು ಒಪ್ಪಿಸಿದರು. ಜಪಾನಿನ ದಬ್ಬಾಳಿಕೆಯಿಂದ ಆಂದೋಲನ ಕುಸಿಯಿತು. 1910ರಲ್ಲಿ ದೇಶವೇ ಜಪಾನಿನ ವಶವಾಯಿತು. ಆದರೂ ಅದರ ದಾಖಲೆಗಳನ್ನು 2017ರಲ್ಲಿ ಯುನೆಸ್ಕೊ ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿತು.

ಗೌರಮ್ಮನವರದು ಸಂಘವಿಲ್ಲದ ಒಂಟಿ ನಿರ್ಧಾರ. ನಿಧಿಗೆ ಒಟ್ಟು ಸೇರಿದ್ದು ಸುಮಾರು 8 ಲಕ್ಷ ರೂಪಾಯಿ. ಅದರಲ್ಲಿ ಈ ಒಡವೆಗಳ ಮೌಲ್ಯ ದೊಡ್ಡದೇನಿರಲಾರದು. ಹೆಣ್ಣಿನ ಮೇಲಿನ ಕಟ್ಟುಪಾಡುಗಳನ್ನು ಪ್ರಶ್ನಿಸುವ ಧೈರ್ಯ ಮಾತ್ರ ಅವರ ಕಥೆಗಳಲ್ಲಿಯೂ ಇದೆ. ವಿಧವಾ ವಿವಾಹ, ಅಂತರ್ಜಾತೀಯ ಪ್ರೇಮಗಳನ್ನು ಅಂಜದೆ ಬರೆದವರು ಅವರು.

1939ರ ಏಪ್ರಿಲ್ 13ರಂದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಈಜಲು ಇಳಿದ ಗೌರಮ್ಮ ನೀರುಪಾಲಾದರು. ಬೇಂದ್ರೆಯವರು ಅವರನ್ನು ತಂಗಿಯೆಂದು ನೆನೆದು ಕವನ ಬರೆದರು. ‘ಕಂಬನಿ’ ಮತ್ತು ‘ಚಿಗುರು’ ಕಥಾಸಂಕಲನಗಳು ಪ್ರಕಟವಾದದ್ದು ಅವರ ನಿಧನಾನಂತರ.