ಬಾಯ್ಲರ್ ಮನೆಯ ಹಾಡುಗಾರ ವಿಕ್ಟರ್ ತ್ಸೋಯ್

ಇಂದು ಸೇಂಟ್ ಪೀಟರ್ಸ್‌ಬರ್ಗ್ ಎಂದು ಕರೆಯುವ ರಷ್ಯದ ನಗರಕ್ಕೆ ಸೋವಿಯತ್ ಆಡಳಿತದ ಕಾಲದಲ್ಲಿ ಲೆನಿನ್‌ಗ್ರಾಡ್ ಎಂಬ ಹೆಸರಿತ್ತು. ಆ ನಗರದಲ್ಲಿ 1962ನೆಯ ಇಸವಿ ಜೂನ್ 21ರಂದು ವಿಕ್ಟರ್ ತ್ಸೋಯ್ ಜನಿಸಿದನು. ತಂದೆ ರಾಬರ್ಟ್ ಕೊರಿಯ ಮೂಲದ ಮನೆತನದ ಇಂಜಿನಿಯರ್. ತಾಯಿ ವಲೆಂತೀನಾ ವ್ಯಾಯಾಮ ಶಿಕ್ಷಕಿ. ಇಪ್ಪತ್ತೆಂಟೇ ವರ್ಷ ಬಾಳಿದ ಈ ಯುವಕನು ರಾಕ್ ಸಂಗೀತಗಾರನಾಗಿ, ತನ್ನ ಹಾಡುಗಳನ್ನು ತಾನೇ ಬರೆಯುವ ಕವಿಯಾಗಿ, ವಿಶಾಲವಾದ ಒಂದು ದೇಶದ ತರುಣರ ಮನಸ್ಸನ್ನು ಗೆದ್ದ ಬಗೆ ಎಲ್ಲರೂ ತಿಳಿಯತಕ್ಕಂಥದು.

ಬಾಲಕ ವಿಕ್ಟರನಿಗೆ ಚಿತ್ರ ಬರೆಯುವುದರಲ್ಲಿ ಬಹಳ ಆಸಕ್ತಿ. ಆದುದರಿಂದ ಅವನನ್ನು ಕಲಾಶಾಲೆಗೆ ಸೇರಿಸಿದರು. ಆದರೆ ಗಿಟಾರಿನ ಗೀಳು ಹೆಚ್ಚಿ ಪಾಠಗಳು ಹಿಂದೆ ಬಿದ್ದವು. ಕೊನೆಗೆ ಶಾಲೆಯಿಂದ ಹೊರಬೀಳಬೇಕಾಯಿತು. ಅನಂತರ ವೃತ್ತಿ ಶಿಕ್ಷಣ ಶಾಲೆಯಲ್ಲಿ ಮರದ ಕೆತ್ತನೆಯ ಕೆಲಸವನ್ನು ಕಲಿತನು. ಪುಟ್ಟ ಪುಟ್ಟ ಮರದ ಬೊಂಬೆಗಳನ್ನು ಬಹು ನಾಜೂಕಾಗಿ ಕೆತ್ತುತ್ತಿದ್ದನಂತೆ.

ರಾಕ್ ಎಂಬುದು ಪಶ್ಚಿಮದಲ್ಲಿ ಹುಟ್ಟಿದ ಸಂಗೀತ. ವಿದ್ಯುತ್ ಗಿಟಾರು, ಡ್ರಮ್ಮುಗಳೇ ಅದರ ಮುಖ್ಯ ವಾದ್ಯಗಳು. ಮೊದಮೊದಲು ಸೋವಿಯತ್ ತರುಣರು ಇಂಗ್ಲಿಷ್ ಹಾಡುಗಳನ್ನೇ ಅನುಕರಿಸುತ್ತಿದ್ದರು. ಬರಬರುತ್ತ ತಮ್ಮ ರಷ್ಯನ್ ಭಾಷೆಯಲ್ಲಿಯೇ ಹಾಡು ಕಟ್ಟುವವರು ಹುಟ್ಟಿಕೊಂಡರು. ತ್ಸೋಯ್ ಆ ಸಾಲಿಗೆ ಸೇರಿದವನು. ಅವನ ಹಾಡುಗಳಲ್ಲಿ ದೊಡ್ಡ ದೊಡ್ಡ ಮಾತುಗಳಿರಲಿಲ್ಲ. ಉಪನಗರದ ರೈಲು, ಟ್ರಾಲಿ ಬಸ್ಸು, ಕೆಲಸವಿಲ್ಲದೆ ಅಲೆಯುವ ಹುಡುಗ, ನಿದ್ದೆ ಬಾರದ ರಾತ್ರಿ, ಇಂಥವೇ ಅವನ ವಸ್ತುಗಳು. ಕೇಳಿದ ಪ್ರತಿಯೊಬ್ಬ ತರುಣನಿಗೂ ಇದು ತನ್ನದೇ ಕಥೆ ಅನ್ನಿಸಿತು.

ತ್ಸೋಯ್ ತನ್ನ ಗೆಳೆಯರೊಂದಿಗೆ ಕಟ್ಟಿದ ತಂಡದ ಹೆಸರು ‘ಕಿನೋ’. ರಷ್ಯನ್ನಿನಲ್ಲಿ ಇದಕ್ಕೆ ಸಿನಿಮಾ ಎಂದರ್ಥ. 1982ರಲ್ಲಿ ತಂಡದ ಮೊದಲ ಧ್ವನಿಮುದ್ರಣ ಹೊರಬಂದಿತು. ಅಂದು ಆ ದೇಶದಲ್ಲಿ ಹಾಡಿನ ತಟ್ಟೆಗಳನ್ನು ಹೊರತರುತ್ತಿದ್ದುದು ‘ಮೆಲೋದಿಯಾ’ ಎಂಬ ಸರಕಾರಿ ಸಂಸ್ಥೆ. ಇಂಥ ತರುಣರಿಗೆ ಅಲ್ಲಿ ಪ್ರವೇಶವೆಲ್ಲಿಯದು? ಆಂದ್ರೆಯ್ ತ್ರೋಪಿಲ್ಲೋ ಎಂಬ ಧ್ವನಿ ತಂತ್ರಜ್ಞನು ಮಕ್ಕಳ ಹವ್ಯಾಸ ಕೇಂದ್ರವೊಂದರ ಸಲಕರಣೆಗಳಿಂದಲೇ ಅವರ ಹಾಡುಗಳನ್ನು ಮುದ್ರಿಸಿಕೊಟ್ಟನು. ಮುಂದಿನ ಕೆಲಸ ಅಭಿಮಾನಿಗಳದು. ಒಬ್ಬನ ಟೇಪಿನಿಂದ ಇನ್ನೊಬ್ಬನು, ಅವನಿಂದ ಮತ್ತೊಬ್ಬನು ಪ್ರತಿ ಮಾಡಿಕೊಂಡರು. ಕ್ಯಾಸೆಟ್ಟಿನ ಕಾಲವನ್ನು ಕಂಡ ತಂದೆತಾಯಿಯರಿಗೆ ಗೊತ್ತು, ಹಾಗೆ ಪ್ರತಿ ಮಾಡಿದಂತೆಲ್ಲ ಗೊರಗೊರ ಸದ್ದು ಹೆಚ್ಚುತ್ತದೆ. ಆದರೂ ಹಾಡು ಸಾವಿರಾರು ಮೈಲಿ ಸಾಗಿತು. 1986ರಲ್ಲಿ ಲೆನಿನ್‌ಗ್ರಾಡಿನ ನಾಲ್ಕು ತಂಡಗಳ ಹಾಡುಗಳು ಅಮೆರಿಕದಲ್ಲಿ ತಟ್ಟೆಯಾಗಿ ಪ್ರಕಟವಾದವು; ಕಿನೋ ಅವುಗಳಲ್ಲೊಂದು.

ಹಾಡಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಉದ್ಯೋಗವಿಲ್ಲದಿರುವುದು ಆ ದೇಶದಲ್ಲಿ ಅಪರಾಧವೂ ಆಗಿತ್ತು. 1986ರಲ್ಲಿ ತ್ಸೋಯ್ ಒಂದು ಬಾಯ್ಲರ್ ಮನೆಯಲ್ಲಿ ಕೆಲಸಕ್ಕೆ ಸೇರಿದನು. ಉತ್ತರದ ಆ ಚಳಿಯಲ್ಲಿ ಕಟ್ಟಡಗಳನ್ನು ಬೆಚ್ಚಗಿಡಲು ಕಲ್ಲಿದ್ದಲನ್ನು ಸಲಿಕೆಯಿಂದ ಒಲೆಗೆ ಎಸೆಯುವುದೇ ಅವನ ಕೆಲಸ. ಗೆಳೆಯರು ಆ ಸ್ಥಳವನ್ನು ‘ಕಮ್ಚಾತ್ಕಾ’ ಎಂದು ಕರೆಯುತ್ತಿದ್ದರು. ಹೆಸರು ಬೆಳೆಯುತ್ತಿದ್ದ ಆ ದಿನಗಳಲ್ಲಿಯೂ ಅವನು ಮಸಿ ಹಿಡಿದ ಕೈಯ ದುಡಿಮೆಗೆ ನಾಚಲಿಲ್ಲ.

1987ರ ‘ಅಸ್ಸಾ’ ಚಲನಚಿತ್ರದ ಕೊನೆಯಲ್ಲಿ ಅವನು ಬದಲಾವಣೆಯನ್ನು ಬಯಸುವ ಹಾಡನ್ನು ಹಾಡಿದನು. ದೇಶದಲ್ಲಿ ಗೋರ್ಬಚೆವ್‌ರ ಸುಧಾರಣೆಗಳು ನಡೆಯುತ್ತಿದ್ದ ಕಾಲವದು. ಆ ಹಾಡು ಮನೆಮಾತಾಯಿತು. 1988ರ ‘ರಕ್ತದ ಗುಂಪು’ ಎಂಬ ಹಾಡುಗಳ ಸಂಪುಟವು ಅವನ ಕೀರ್ತಿಯನ್ನು ದೇಶದ ಉದ್ದಗಲಕ್ಕೂ ಹರಡಿತು. ಅದೇ ವರ್ಷ ರಷೀದ್ ನುಗ್ಮಾನೊವ್ ನಿರ್ದೇಶಿಸಿದ ‘ಸೂಜಿ’ ಚಿತ್ರದಲ್ಲಿ, ಗೆಳತಿಯನ್ನು ಮಾದಕವಸ್ತುವಿನ ದಾಸ್ಯದಿಂದ ಬಿಡಿಸಲು ಹೋರಾಡುವ ನಾಯಕನಾಗಿ ನಟಿಸಿದನು. 1990ರ ಜೂನ್ 24ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಕಿಕ್ಕಿರಿದ ಜನಸ್ತೋಮದ ಮುಂದೆ ಹಾಡಿದನು.

ಇದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಆಗಸ್ಟ್ 15ರಂದು ಲ್ಯಾಟ್ವಿಯದಲ್ಲಿ ಮೀನು ಹಿಡಿದು ಮರಳುತ್ತಿದ್ದಾಗ ಅವನ ಕಾರು ಎದುರಿನಿಂದ ಬಂದ ಬಸ್ಸಿಗೆ ಅಪ್ಪಳಿಸಿತು. ಕಾರು ನಡೆಸುತ್ತಲೇ ಅವನು ನಿದ್ದೆಹೋಗಿರಬೇಕೆಂದು ತನಿಖೆ ನಡೆಸಿದವರು ತೀರ್ಮಾನಿಸಿದರು. ಒಂದು ಕ್ಷಣದ ತೂಕಡಿಕೆಯಿಂದ ಎಂಥ ಜೀವ ಹೋಯಿತು! ಐದು ವರ್ಷದ ಮಗನೊಬ್ಬನು ತಂದೆಯನ್ನು ಕಳೆದುಕೊಂಡನು.

ಲೆನಿನ್‌ಗ್ರಾಡಿನ ಬೊಗೊಸ್ಲೊವ್‌ಸ್ಕೊಯೆ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆದಾಗ ಜನಸಾಗರವೇ ನೆರೆದಿತ್ತು. ಎಷ್ಟೋ ಹುಡುಗ ಹುಡುಗಿಯರು ಸಮಾಧಿಯ ಬಳಿ ಡೇರೆ ಹಾಕಿ ದಿನಗಟ್ಟಲೆ ಉಳಿದರು. ಮಾಸ್ಕೋದ ಅರ್ಬಾತ್ ಬೀದಿಯ ಪಕ್ಕದ ಗಲ್ಲಿಯೊಂದರ ಗೋಡೆಯ ಮೇಲೆ ಯಾರೋ ಅವನ ಸಾವಿನ ಸುದ್ದಿ ಬರೆದರು. ಅವನು ಸತ್ತಿಲ್ಲ, ಇದ್ದಾನೆ ಎಂದು ಇತರರು ಅದರ ಸುತ್ತ ಉತ್ತರ ಬರೆದರು. ವರ್ಷಗಳುದ್ದಕ್ಕೂ ಆ ಗೋಡೆ ಬರಹಗಳಿಂದ, ಚಿತ್ರಗಳಿಂದ ತುಂಬಿತು. ಒಮ್ಮೆ ಯಾರೋ ಬಣ್ಣ ಬಳಿದು ಅಳಿಸಿದಾಗ ಅಭಿಮಾನಿಗಳು ಮತ್ತೆ ಬರೆದರು. ಅವನು ಕೊನೆಯ ಬೇಸಿಗೆಯಲ್ಲಿ ಟೇಪಿನಲ್ಲಿ ಹಾಡಿಟ್ಟಿದ್ದ ಹಾಡುಗಳಿಗೆ ಯೂರಿ ಕಸ್ಪಾರ್ಯನ್ ಮೊದಲಾದ ಸಂಗಡಿಗರು ವಾದ್ಯಗಳನ್ನು ಕೂಡಿಸಿ ಹೊರತಂದರು. ಶೋಕದ ಗುರುತಾಗಿ ಅದರ ಹೊದಿಕೆ ಕಪ್ಪು. ಬಾಯ್ಲರ್ ಮನೆಯೂ ಮುಂದೆ ಅವನ ಸ್ಮಾರಕವಾಯಿತು.

1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಾಡು ಮಾತ್ರ ಉಳಿಯಿತು. 2020ರಲ್ಲಿ ಬೆಲಾರೂಸಿನ ಬೀದಿಗಳಲ್ಲಿ ನೆರೆದ ಜನ ಅವನ ಬದಲಾವಣೆಯ ಹಾಡನ್ನೇ ಹಾಡಿದರು. ಅವರಲ್ಲಿ ಅವನು ತೀರಿಕೊಂಡ ಮೇಲೆ ಹುಟ್ಟಿದವರು ಎಷ್ಟೋ ಮಂದಿ.

ವಿದ್ಯಾರ್ಥಿ ಮಿತ್ರರೇ, ಮೆಚ್ಚಿನ ಕಲಾವಿದನು ಅಗಲಿದಾಗ ಕಣ್ಣೀರು ಬರುವುದು ಸಹಜ. ಆದರೆ ಅವನ ಉಡುಪು, ಕೇಶವಿನ್ಯಾಸಗಳನ್ನು ಅನುಕರಿಸುವುದರಿಂದ ಅವನಿಗೆ ಗೌರವ ಸಂದಂತಾಗದು. ತ್ಸೋಯ್ ತಾನು ಕಂಡದ್ದನ್ನು, ತನ್ನ ನುಡಿಯಲ್ಲಿ, ಸರಳವಾಗಿ ಹೇಳಿದನು. ಹೊಟ್ಟೆಪಾಡಿಗೆ ಕಲ್ಲಿದ್ದಲನ್ನು ಹೊತ್ತನು. ಅವನಿಂದ ಕಲಿಯಬೇಕಾದ ಪಾಠ ಇದೇ.