ಮಣ್ಣಿನ ಗುಟ್ಟು ಬಲ್ಲ ಟೆರ್ಜಾಗಿ

ಮಕ್ಕಳೇ, ಕೆರೆ ತುಂಬಿದಾಗ ಏರಿಯ ಹೊರಬದಿಯನ್ನು ನೋಡಿದ್ದೀರಾ? ಬುಡದ ಮಣ್ಣು ಒದ್ದೆಯಾಗಿರುತ್ತದೆ. ಕೆಲವೆಡೆ ನೀರು ಜಿನುಗುತ್ತಲೂ ಇರುತ್ತದೆ. ಮಣ್ಣಿನ ಕಟ್ಟೆ ಎಷ್ಟೇ ದೊಡ್ಡದಿರಲಿ, ಅದರೊಳಗೆ ನೀರು ಇಂಗುವುದನ್ನು ಪೂರ್ತಿ ತಡೆಯಲಾಗದು. ಹಾಗಾದರೆ ಕಟ್ಟೆ ಒಡೆಯುವುದು ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಕಾರ್ಲ್ ಟೆರ್ಜಾಗಿ.

ಅವರು ಹುಟ್ಟಿದ್ದು 1883ರಲ್ಲಿ, ಪ್ರಾಗ್ ನಗರದಲ್ಲಿ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓದಿದ್ದು ಯಂತ್ರಗಳ ಎಂಜಿನಿಯರಿಂಗ್. ಮನಸ್ಸು ಎಳೆದದ್ದು ಮಾತ್ರ ಕಲ್ಲು ಮಣ್ಣಿನ ಕಡೆಗೆ! ಆಗ ಮಣ್ಣಿನ ಅಣೆಕಟ್ಟುಗಳನ್ನು ಹೆಚ್ಚಾಗಿ ಅನುಭವದ ಮೇಲೆಯೇ ಕಟ್ಟುತ್ತಿದ್ದರು. 1912ರಲ್ಲಿ ಟೆರ್ಜಾಗಿ ಅಮೆರಿಕಕ್ಕೆ ಹೋಗಿ ಅಣೆಕಟ್ಟು ಕಟ್ಟುವ ಜಾಗಗಳನ್ನು ಸುತ್ತಿದರು. ರಾಶಿ ಮಾಹಿತಿ ಸಿಕ್ಕಿತು, ಉತ್ತರ ಸಿಗಲಿಲ್ಲ.

ಮೊದಲ ಮಹಾಯುದ್ಧದ ನಂತರ ಅವರು ಇಸ್ತಾಂಬುಲ್‌ನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಖಾಲಿ ಸಿಗಾರ್ ಪೆಟ್ಟಿಗೆ, ಗುಜರಿ ಸಾಮಾನು, ಇವೇ ಅವರ ಪ್ರಯೋಗದ ಉಪಕರಣಗಳು. ಮರಳು, ಜೇಡಿಮಣ್ಣು ತುಂಬಿ, ನೀರು ಹಾಯಿಸಿ, ಅಳೆದು ನೋಡಿದರು.

ತಿಳಿದದ್ದೇನು ಗೊತ್ತೇ? ನೀರು ರಭಸದಿಂದ ಹೊರಬರುವಾಗ ಮಣ್ಣಿನ ಕಣಗಳನ್ನೂ ಹೊತ್ತು ತರುತ್ತದೆ. ಕಣಗಳು ಹೋದ ಜಾಗದಲ್ಲಿ ನೀರಿನ ದಾರಿ ಇನ್ನೂ ಸಲೀಸಾಗುತ್ತದೆ. ಹೀಗೆ ಹೊರಗಿನಿಂದ ಒಳಕ್ಕೆ ಬಿಲ ಬೆಳೆಯುತ್ತದೆ. ಅದು ಆಚೆ ನಿಂತ ನೀರನ್ನು ಮುಟ್ಟಿತೆಂದರೆ ಕೆಲವೇ ಗಂಟೆಗಳಲ್ಲಿ ಇಡೀ ಕಟ್ಟೆ ಕೊಚ್ಚಿಹೋಗಬಹುದು. ಟೆರ್ಜಾಗಿ ನೀರನ್ನು ತಡೆಯಹೋಗಲಿಲ್ಲ, ಮಣ್ಣನ್ನು ತಡೆದರು. ನೀರು ಹೊರಬರುವಲ್ಲಿ ಮೊದಲು ಸಣ್ಣ ಮರಳು, ಅದರ ಮೇಲೆ ದಪ್ಪ ಮರಳು, ಆಮೇಲೆ ಜಲ್ಲಿ. ಪ್ರತಿ ಪದರವೂ ಕೆಳಗಿನ ಪದರದ ಕಣಗಳನ್ನು ಹಿಡಿದಿಡುತ್ತದೆ. ಚಹಾ ಸೋಸಿದ ಹಾಗೆ ನೀರು ಮಾತ್ರ ದಾಟುತ್ತದೆ. ಈ ಸಂಶೋಧನೆ 1922ರಲ್ಲಿ ಪ್ರಕಟವಾಯಿತು. 1925ರಲ್ಲಿ ಬಂದ ಅವರ ಪುಸ್ತಕದಿಂದ ಮಣ್ಣಿನ ಬಲವಿಜ್ಞಾನವೆಂಬ ಹೊಸ ಶಾಸ್ತ್ರವೇ ಬೆಳೆಯಿತು.

ಇಂದಿಗೂ ಅಣೆಕಟ್ಟು ನೋಡಿಕೊಳ್ಳುವವರು ಜಿನುಗುವ ನೀರನ್ನು ಅಳೆಯುತ್ತಾರೆ. ನೀರು ತಿಳಿಯಾಗಿದ್ದು, ಪ್ರಮಾಣ ಹೆಚ್ಚದಿದ್ದರೆ ಅಷ್ಟು ಭಯವಿಲ್ಲ. ಕದಡಿ ಬಂದರೆ ಒಳಗಿನ ಮಣ್ಣು ಹೊರಟಿದೆ ಎಂದರ್ಥ. ಹೆಗ್ಗಣದ ಬಿಲ, ಕೊಳೆತ ಮರದ ಬೇರು ಕೂಡ ನೀರಿಗೆ ದಾರಿಯಾಗುತ್ತವೆ. ನಿಮ್ಮೂರ ಏರಿಯಲ್ಲಿ ಇಂಥದ್ದು ಕಂಡರೆ ಹತ್ತಿರ ಹೋಗದೆ ಹಿರಿಯರಿಗೆ ತಿಳಿಸಿ.

ಟೆರ್ಜಾಗಿಯವರಿಗೆ ಬಹಳ ಕಷ್ಟ ಕೊಟ್ಟದ್ದು ಕೆನಡಾದ ಬ್ರಿಡ್ಜ್ ನದಿಯ ಮಿಷನ್ ಅಣೆಕಟ್ಟು. ಅಲ್ಲಿ ತಳದಲ್ಲಿ ಗಟ್ಟಿ ಬಂಡೆಯಿಲ್ಲ, ಬಹಳ ಆಳದವರೆಗೂ ನದಿ ತಂದ ಮರಳು, ಜಲ್ಲಿ, ಜೇಡಿಮಣ್ಣು. ಕಟ್ಟೆಯ ಭಾರಕ್ಕೆ ನೆಲ ಕುಸಿಯುವುದು ಖಂಡಿತ. ಆ ಕುಸಿತವನ್ನು ಮೊದಲೇ ಗಮನದಲ್ಲಿಟ್ಟು ವಿನ್ಯಾಸ ಮಾಡಿದರು. ಕೆಲಸ 1960ರಲ್ಲಿ ಮುಗಿಯಿತು. ಅವರು 1963ರಲ್ಲಿ ತೀರಿಕೊಂಡರು. 1965ರಲ್ಲಿ ಅದಕ್ಕೆ ಟೆರ್ಜಾಗಿ ಅಣೆಕಟ್ಟು ಎಂದು ಹೆಸರಿಡಲಾಯಿತು.